ಬಾಗಿಲಲ್ಲೇ ಕೂತಿರೋ ಬಂಡೆ

ಅಂಟಾರ್ಕ್ಟಿಕಾ ಹತ್ರ ಡಿಸೆಪ್ಷನ್ ಐಲ್ಯಾಂಡ್ ಅಂತ ಒಂದಿದೆ, ಅಸಲಿಗೆ ಅದೊಂದು ಜ್ವಾಲಾಮುಖಿ, ನಡುಭಾಗ ಕುಸಿದು ಸಮುದ್ರ ಒಳಗೆ ನುಗ್ಗಿಬಿಟ್ಟಿದೆ, ಹಡಗುಗಳು ಸೀದಾ ಅದರ ಹೊಟ್ಟೆಯೊಳಗೇ ಹೋಗಿ ಲಂಗರು ಹಾಕ್ತವೆ! ಹೋಗೋಕೆ ಇರೋದು ಒಂದೇ ಕಿರುದಾರಿ, ನೆಪ್ಚೂನ್ಸ್ ಬೆಲ್ಲೋಸ್. ಆ ದಾರಿಯ ನಟ್ಟನಡುವೆ, ನೀರಿಂದ ಬರೀ 2.5 ಮೀಟರ್ ಕೆಳಗೆ ರಾವ್ನ್ ರಾಕ್ ಅನ್ನೋ ಬಂಡೆ ಕೂತಿದೆ. ಮೇಲಿಂದ ದಾರಿ ಆರಾಮಾಗಿ ತೆರೆದೇ ಇದೆ ಅನ್ಸತ್ತೆ, ಆದ್ರೆ ಕ್ಯಾಪ್ಟನ್‌ಗಳು ನಡುದಾರಿ ಬಿಟ್ಟು ಒಂದು ಪಕ್ಕದ ಕಡಿದಾದ ಗೋಡೆಗೆ ಒತ್ಕೊಂಡೇ ಹಡಗು ದಾಟಿಸ್ಬೇಕು.

1908-10ರಲ್ಲಿ ಶಾರ್ಕೋ ಅನ್ನೋ ಅನ್ವೇಷಕರ ಫ್ರೆಂಚ್ ತಂಡ ಒಂದು ತಿಮಿಂಗಿಲ ಬೇಟೆ ಹಡಗಿನ ಹೆಸರನ್ನೇ ಈ ಬಂಡೆಗೆ ಇಟ್ಟಿದ್ದು. ಅಲ್ಲಿದ್ದ ತಿಮಿಂಗಿಲ ಎಣ್ಣೆ ಫ್ಯಾಕ್ಟರಿ 1931ರಲ್ಲಿ ಮುಚ್ಚೋಯ್ತು, ಆಮೇಲೆ 1967, 69ರಲ್ಲಿ ಜ್ವಾಲಾಮುಖಿ ಸಿಡಿದು ಸಂಶೋಧನಾ ಕೇಂದ್ರಗಳೂ ಹಾಳಾದ್ವು.

ನಿಜ ಹೇಳ್ಬೇಕಂದ್ರೆ ನಂಗೆ ಆ ಬೆಂಕಿ ಬೆಟ್ಟಕ್ಕಿಂತ ಈ ಬಂಡೆನೇ ಜಾಸ್ತಿ ಭಯ, ಬೆಟ್ಟ ಆದ್ರೂ ಗುಡುಗಿ ಹೊಗೆ ಬಿಟ್ಟು ಹೇಳತ್ತೆ, ಇದು ಸುಮ್ನೆ ಕೂತಿರತ್ತೆ ಅಷ್ಟೇ. ಅಂಥ ಜನ ಗೊತ್ತು ಬಿಡಿ, ಹೆಸರು ಬೇಡ 😄 ಈಗ ಟೂರಿಸ್ಟ್ ಹಡಗುಗಳೂ ಅಲ್ಲಿಗೆ ಹೋಗ್ತವಂತೆ, ಟಿಕೆಟ್ ರೇಟ್ ನೋಡಿ ಟ್ಯಾಬ್ ಕ್ಲೋಸ್ ಮಾಡ್ದೆ.