ಪೆಟ್ರೋಲ್ ಹೆಂಗ್ ಉಳಿಸ್ತೀಯ ಅಂತ ಕೇಳೋರಿಗೆಲ್ಲ ಸೇರಿಸಿ ಒಂದೇ ಉತ್ತರ

"ಪೆಟ್ರೋಲ್ ಹಾಕ್ಸೋವಾಗ ದುಡ್ಡು ಉಳಿಸೋಕೆ ನೀನೇನೋ ಟ್ರಿಕ್ ಮಾಡ್ತೀಯಂತಲ್ಲ, ನಮಗೂ ಹೇಳೋ." ಗೃಹಪ್ರವೇಶ, ನಾಮಕರಣ, ತಿಥಿ ಊಟ, ಎಲ್ಲಿ ಹೋದ್ರೂ ಪಕ್ಕದೆಲೆಯವರು ಕೇಳೋದು ಇದೇ. ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ಅವರೇ ಶುರು ಮಾಡ್ತಾರೆ, "ನೂರರ ಬದಲು ನೂರ ಹತ್ತಕ್ಕೆ ಹಾಕಿಸ್ತೀಯ ತಾನೆ?" ಉತ್ತರ ಗೊತ್ತಿದ್ಮೇಲೆ ನನ್ನನ್ಯಾಕ್ರೀ ಕೇಳ್ತೀರಾ?

ನೂರು, ಇನ್ನೂರು ಅಂತ ರೌಂಡ್ ದುಡ್ಡಿಗೆ ಕಮ್ಮಿ ಬರೋ ಹಾಗೆ ಮೆಷಿನ್ ಸೆಟ್ ಮಾಡಿಟ್ಟಿರ್ತಾರೆ ಅನ್ನೋ ನಂಬಿಕೆ ಅದು. ಅದೂ ಸುಳ್ಳು. ಮೆಷಿನ್ ಅಳೆಯೋದು ಲೀಟರ್‌ನ, ರೂಪಾಯಿ ಬರೀ ಗುಣಿಸಿ ತೋರಿಸೋದು. ಮೋಸ ಮಾಡೋ ಬಂಕಿಗೆ ನೂರಾದ್ರೇನು ನೂರ ಹತ್ತಾದ್ರೇನು. ಬೆಳಗ್ಗೆ ತಣ್ಣಗಿರುವಾಗ ಹಾಕಿಸಿದ್ರೆ ಜಾಸ್ತಿ ಬರುತ್ತಂತೆ ಅನ್ನೋದು ಇನ್ನೊಂದು. ಬಿಸಿಗೆ ಪೆಟ್ರೋಲ್ ಹಿಗ್ಗೋದು ನಿಜ, ಹತ್ತು ಡಿಗ್ರಿಗೆ ಹೆಚ್ಚುಕಮ್ಮಿ ಶೇಕಡ 1, ಆದ್ರೆ ಬಂಕಿನ ಟ್ಯಾಂಕ್ ಇರೋದು ನೆಲದೊಳಗೆ, ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ. ಬೆಳಗ್ಗೆ 6 ಗಂಟೆಗೆ ಬದಲಾಗೋದಿದ್ರೆ ಅದು ರೇಟು. 2017ರ ಜೂನ್ 16ರಿಂದ ದಿನಾ ರೇಟು ಬದಲಿಸೋ ಪದ್ಧತಿ ಬಂತು, ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ಅಲ್ಲಾಡಿಲ್ಲ.

ನಾನು ಮಾಡೋದು ಕೇಳಿದ್ರೆ ನಿಮಗೆ ಆಕಳಿಕೆ ಬರುತ್ತೆ. ಟೈರ್ ಬಿಸಿಯಾಗೋ ಮುಂಚೆ ಮನೆ ಹತ್ತಿರದ ಬಂಕಲ್ಲಿ ಗಾಳಿ ಚೆಕ್ ಮಾಡಿಸ್ತೀನಿ. ಪೆಟ್ರೋಲಿಗೆ ಕಾರ್ಡ್ ಉಜ್ಜಿದ್ರೆ ಮೇಲೆ ಬೀಳೋ ಸರ್ಚಾರ್ಜ್ ವಾಪಸ್ ಕೊಡೋ ಕ್ರೆಡಿಟ್ ಕಾರ್ಡನ್ನೇ ಉಜ್ಜುತ್ತೀನಿ. ನಾಜಲ್ ಟಕ್ ಅಂತ ನಿಂತಮೇಲೆ "ರೌಂಡ್ ಫಿಗರ್ ಮಾಡ್ಲಾ ಸಾರ್" ಅಂದ್ರೆ ಬೇಡ ಅಂತೀನಿ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ ಕಿಲೋಮೀಟರ್ರು, ಲೀಟರ್ರು ಎರಡೂ ಬರೆದಿಡ್ತೀನಿ. ಆ ಪುಸ್ತಕದಿಂದ ಉಳಿತಾಯ ಆಯ್ತಾ ಅಂದ್ರೆ ಇಲ್ಲ, ಹೊಟ್ಟೆ ಉರೀತು ಅಷ್ಟೇ. ಎಥೆನಾಲ್ ಶೇಕಡ 20 ಬೆರೆಸಿದ ಪೆಟ್ರೋಲ್ ಬಂದ್ಮೇಲೆ ನನ್ನ ಹಳೇ ಕಾರಿನ ಮೈಲೇಜ್ ಇಳೀತಾ ಬಂದಿದ್ದು ಅದರಲ್ಲಿ ಸಾಲಾಗಿ ಕಾಣುತ್ತೆ. ಇಂಥ ಹಳೇ ಕಾರುಗಳಿಗೆ ಶೇಕಡ 6-7 ಇಳಿಯಬಹುದು ಅಂತ 2021ರಲ್ಲೇ ನೀತಿ ಆಯೋಗದ ವರದಿ ಹೇಳಿತ್ತು. ಟೈರಲ್ಲಿ ಉಳಿಸಿದ್ದು ಟ್ಯಾಂಕಲ್ಲಿ ಹೋಯ್ತು.

ಇಷ್ಟಕ್ಕೂ ನನಗೆ ಈ ಕೀರ್ತಿ ತಂದುಕೊಟ್ಟಿದ್ದು ನಮ್ಮ ಭಾವ. 2024ರ ಜೂನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆನ ಶೇಕಡ 25.92ರಿಂದ 29.84ಕ್ಕೆ ಏರಿಸಿ ಲೀಟರಿಗೆ 3 ರೂಪಾಯಿ ಜಾಸ್ತಿ ಆಗಿತ್ತಲ್ಲ, ಆಗ ನಾವಿಬ್ರೂ ಊರಿಂದ ಬರ್ತಿದ್ವಿ, ಮದ್ದೂರು ದಾಟಿದಾಗಿಂದ ಆ ಮೂರು ರೂಪಾಯಿಗೆ ಭಾವ ಬೈದಿದ್ದೇ ಬೈದಿದ್ದು. ದಾರೀಲಿ ಒಂದು ಬಂಕಿಗೆ ಗಾಡಿ ಹಾಕಿದೆ. ಹುಡುಗ "ಜೀರೋ ನೋಡಿ ಸಾರ್" ಅಂದ. ನಾನು, "ಐದು ಲೀಟರ್ ಅಳತೆ ಕ್ಯಾನ್ ತಗೊಂಡ್ ಬಾಪ್ಪಾ, ಅದಕ್ಕೆ ಹಾಕಿ ತೋರಿಸು" ಅಂದೆ. ಅವನು ನನ್ನ ಮುಖ ನೋಡಿದ, ಆಮೇಲೆ ಮ್ಯಾನೇಜರ್ ಮುಖ ನೋಡಿದ. ಹಿಂದಿದ್ದ ಆಟೋದವನು ಹಾರ್ನ್ ಶುರು ಹಚ್ಕೊಂಡ. ಭಾವ ಬರದೇ ಇರೋ ಫೋನ್ ಕಿವಿಗಿಟ್ಟುಕೊಂಡು ಆ ಕಡೆ ತಿರುಗಿದ್ರು.

ಕ್ಯಾನ್ ಬಂತು, ಮೇಲೆ ಧೂಳು, ಕತ್ತಿನ ಹತ್ರ ಗೆರೆ, ಪಕ್ಕದಲ್ಲಿ ತೂಕ-ಅಳತೆ ಇಲಾಖೆ ಸೀಲು. ಒಳಗೆ ಒಣಗಿರುತ್ತೆ ಅಂತ ಮೊದಲು ಒಂದ್ಸಲ ತುಂಬಿಸಿ ಸುರಿದ್ರು, ಎರಡನೇ ಸಲ ಅಳೆದ್ರು. ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಂತ್ತು. ಐದು ಲೀಟರಿಗೆ 25 ಎಂಎಲ್ ಹಿಂದೆಮುಂದೆ ಆದ್ರೆ ನಿಯಮದ ಪ್ರಕಾರ ಸರಿ. ಸರಿ ಇತ್ತು. ಫುಲ್ ಮಾಡಪ್ಪಾ ಅಂದೆ.

"ಅಳತೆ ಸರಿನೇ ಇತ್ತಲ್ಲೋ, ಸುಮ್ನೆ ಮರ್ಯಾದೆ ತೆಗೆದೆ" ಅಂತ ಬೆಂಗಳೂರು ಮುಟ್ಟೋತನಕ ಭಾವಂದು ಒಂದೇ ಮಂತ್ರ. ಕಾಲು ಕೆಜಿ ಬೀನ್ಸ್ ತಗೊಳ್ಳೋವಾಗ ತಕ್ಕಡಿ ಮುಳ್ಳು ನೋಡೋಕೆ ಕನ್ನಡಕ ಹಾಕ್ಕೊಳ್ಳೋ ಮನುಷ್ಯ ರೀ ಇವರು! ಅಲ್ಲಿ ಹೋಗದ ಮರ್ಯಾದೆ ಮೂರು ಸಾವಿರದ ಪೆಟ್ರೋಲ್ ಹತ್ರ ಹೆಂಗ್ ಹೋಗುತ್ತೆ? ಆಮೇಲೆ ಹೋದಹೋದ ಕಡೆ ಈ ಕಥೇನ ನಗಾಡ್ಕೊಂಡು ಹೇಳಿ ನನಗೆ ಜುಗ್ಗ ಅಂತ ಹೆಸರಿಟ್ಟಾಯ್ತು.

ಹಾಗೆ ನಕ್ಕವರಲ್ಲಿ ಒಬ್ಬರಾದ್ರೂ "ಆ ಕ್ಯಾನ್ ನಾನೂ ಕೇಳಬಹುದಾ?" ಅಂತ ಕೇಳಬೇಕಿತ್ತು. ಯಾರೂ ಕೇಳಲಿಲ್ಲ, ನಾನೇ ಹೇಳ್ತೀನಿ. ಕೇಳಬಹುದು, ಯಾರು ಬೇಕಾದ್ರೂ, ಕಾಸು ಕೊಡಬೇಕಾಗಿಲ್ಲ, ಪ್ರತಿ ಬಂಕಲ್ಲೂ ಇಟ್ಟಿರಲೇಬೇಕು. ಪೆಟ್ರೋಲ್ ಹಾಕೋ ಮುಂಚೆ ಕೇಳಿ, ಟ್ಯಾಂಕಿಗೆ ಹೋದ್ಮೇಲೆ ಜಗಳ ಆಡಿ ಪ್ರಯೋಜನ ಇಲ್ಲ. ಕ್ಯಾನ್ ಮೇಲಿನ ಸೀಲ್ ನೋಡಿ, ಸಮತಟ್ಟಾದ ಕಡೆ ಇಡಿಸಿ, ನೊರೆ ಇಳಿಯೋಕೆ ಬಿಡಿ. "ಕ್ಯಾನ್ ರಿಪೇರಿಗೆ ಹೋಗಿದೆ ಸಾರ್" ಅಂದ್ರೆ ಗಾಡಿ ಸ್ಟಾರ್ಟ್ ಮಾಡಿ ಮುಂದಿನ ಬಂಕಿಗೆ ಹೋಗಿ. ದೂರು ಕೊಡೋ ನಂಬರು ಅಲ್ಲೇ ಬೋರ್ಡ್ ಮೇಲೆ ಇರುತ್ತೆ, ಹೊರಡೋ ಮುಂಚೆ ಫೋಟೋ ತಗೊಳ್ಳಿ.