‘ಎನ್’ ಎಷ್ಟು ತಗೊಂಡೆ, ಯಾಕೆ?

ನೀರಿನ ಹರಿವಿನ ಪಾಠವಾದ ಹೈಡ್ರಾಲಿಕ್ಸ್ ಅಂದರೆ ಬರೀ ಸೂತ್ರ, ಬಾಯಿಪಾಠ ಮಾಡಿದರೆ ಪಾಸು ಅಂತ ಸೀನಿಯರ್‌ಗಳು ಹೇಳಿದ್ದರು. ನಮ್ಮ ಮೇಷ್ಟ್ರು ನೋಡಿದರೆ ಸೂತ್ರವನ್ನು ಬೋರ್ಡಿನ ಮೂಲೆಯಲ್ಲಿ ತಾವೇ ಬರೆದುಬಿಡುತ್ತಿದ್ದರು. ಲೆಕ್ಕದ ಪುಸ್ತಕ ಹಿಡಿದು ಹೋದರೆ ಉತ್ತರವನ್ನೂ ನೋಡುತ್ತಿರಲಿಲ್ಲ. “ಎನ್ ಎಷ್ಟು ತಗೊಂಡೆ? ಯಾಕೆ?” ಅಷ್ಟೇ.

ಕಾಲುವೆಯಲ್ಲಿ ಎಷ್ಟು ನೀರು ಹರಿಯುತ್ತದೆ ಅಂತ ಲೆಕ್ಕ ಹಾಕಲು ಎಂಜಿನಿಯರ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ ಅದು. ಕಾಲುವೆಯ ಅಗಲ, ಆಳ, ಇಳಿಜಾರು ಎಲ್ಲ ನಾವೇ ಗೊತ್ತುಮಾಡುವಂಥವು. ಆದರೆ ಒರಟುತನದ ಅಂಕಿ, ಅಂದರೆ ಎನ್, ಇನ್ನೂ ಕಟ್ಟದ ಕಾಲುವೆಗೆ ಅಳೆಯೋದು ಹೇಗೆ? ಅಂದಾಜು ಮಾಡಬೇಕು. ತಳ 2 ಮೀಟರ್, ನೀರಿನ ಆಳ 1 ಮೀಟರ್, ದಂಡೆ ಒಂದು ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಓರೆ, 4000 ಮೀಟರಿಗೆ 1 ಮೀಟರ್ ಇಳಿತ ಅಂತಿಟ್ಟುಕೊಳ್ಳಿ. ಕಾಂಕ್ರೀಟ್ ಅಂತ ಎನ್ 0.015 ಹಾಕಿದರೆ ಸೆಕೆಂಡಿಗೆ ಸುಮಾರು 2.7 ಘನ ಮೀಟರ್ ನೀರು ಹೋಗುತ್ತದೆ, ಮಣ್ಣಿನ ಕಾಲುವೆ ಅಂತ 0.025 ಹಾಕಿದರೆ ಅದೇ ಅಳತೆಯಲ್ಲಿ 1.6 ಮಾತ್ರ, ಇನ್ನು ಜೊಂಡು ಬೆಳೆದರಂತೂ ಅದಕ್ಕಿಂತ ಕಡಿಮೆ. ನಾಲ್ಕು ದಶಾಂಶದವರೆಗೆ ಉತ್ತರ ಬರೆದವರನ್ನು ಕಂಡರೆ ಮೇಷ್ಟ್ರಿಗೆ ನಗು ಬರುತ್ತಿದ್ದದ್ದು ಇದಕ್ಕೇ.

 

ನನಗೆ ನಿಜವಾಗಿ ರುಚಿ ಹತ್ತಿದ್ದು ಗೇಟು ಮತ್ತು ವಿಯರ್ (ನೀರು ಮೇಲಿಂದ ಉಕ್ಕಿ ಹರಿಯುವ ಅಡ್ಡಗೋಡೆ) ಪಾಠದಲ್ಲಿ. ಗೇಟಿನ ಕೆಳಗೆ ನುಗ್ಗುವ ನೀರು ಮಟ್ಟದ ವರ್ಗಮೂಲದ ಹಾಗೆ ಬದಲಾಗುತ್ತದೆ. ವಿಯರಿನ ಮೇಲೆ ಹರಿಯುವುದು ಒಂದೂವರೆ ಘಾತದ ಹಾಗೆ. ಸುಮ್ನೆ ಘಾತ ತಾನೇ ಅನ್ನಿಸಬಹುದು. ಆದರೆ ಮಟ್ಟ ನೂರಕ್ಕೆ 10 ಏರಿದರೆ ಗೇಟಿನಲ್ಲಿ ನೀರು ಹೆಚ್ಚುವುದು ಸುಮಾರು 5, ವಿಯರಿನಲ್ಲಿ 15. ಹಾಗಾಗಿ ಮುಖ್ಯ ಕಾಲುವೆಯ ಮಟ್ಟ ಹೆಚ್ಚು ಏರದಂತೆ ಅಡ್ಡಲಾಗಿ ಉದ್ದನೆಯ ವಿಯರ್ ಕಟ್ಟಿ, ಪಕ್ಕದ ತೂಬಿಗೆ ಗೇಟು ಇಟ್ಟರೆ, ಮೇಲಿಂದ ನೀರು ಹೆಚ್ಚುಕಡಿಮೆಯಾದರೂ ತೂಬಿಗೆ ಹೋಗುವ ನೀರು ಅಷ್ಟಾಗಿ ಬದಲಾಗುವುದಿಲ್ಲ. ಎರಡು ಘಾತ ನೋಡಿ ಇಷ್ಟು ಹೇಳಬಹುದು ಅಂತ ಯಾವ ಗೈಡೂ ಹೇಳಿರಲಿಲ್ಲ!

ಲ್ಯಾಬಿನಲ್ಲಿ ಎಲ್ಲರೂ ಮುಗಿಬೀಳುತ್ತಿದ್ದದ್ದು ಹೈಡ್ರಾಲಿಕ್ ಜಂಪ್ ನೋಡೋಕೆ. ಗಾಜಿನ ಫ್ಲೂಮಿನಲ್ಲಿ, ಅಂದರೆ ಪ್ರಯೋಗದ ಪುಟ್ಟ ಕಾಲುವೆಯಲ್ಲಿ, ತೆಳ್ಳಗೆ ಓಡಿ ಬಂದ ನೀರು ಇದ್ದಕ್ಕಿದ್ದಂತೆ ನೊರೆಯಾಗಿ ಎದ್ದು ನಿಲ್ಲುತ್ತದೆ. ನೀರಿನ ವೇಗವನ್ನು ಅದರ ಮೇಲಿನ ಅಲೆಯ ವೇಗಕ್ಕೆ ಹೋಲಿಸುವ ಫ್ರೌಡ್ ಸಂಖ್ಯೆ 5 ಇದ್ದರೆ ಆಳ ಸುಮಾರು ಆರೂವರೆ ಪಟ್ಟಾಗುತ್ತದೆ, ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಕರಗುತ್ತದೆ. ಎಷ್ಟು ಕರಗುತ್ತದೆ ಅಂತ ಮೊದಲೇ ಗೊತ್ತಿಲ್ಲದ ಕಾರಣ ಶಕ್ತಿಯ ಲೆಕ್ಕ ಇಡುವ ಬರ್ನೂಲಿ ಸಮೀಕರಣ ಇಲ್ಲಿ ನಡೆಯಲ್ಲ, ಸಂವೇಗದ ಸಮೀಕರಣವೇ ಬೇಕು.

ಮೇಷ್ಟ್ರು ಫ್ಲೂಮಿನ ಕೊನೆಯಲ್ಲಿ ನೀರನ್ನು ತಡೆಯುವ ಗೇಟನ್ನು ಸ್ವಲ್ಪ ಎತ್ತರಿಸುತ್ತಿದ್ದರು, ಜಂಪ್ ನೀರು ಬರುವ ಕಡೆಗೆ ತೆವಳುತ್ತಿತ್ತು. ಇಳಿಸಿದರೆ ನೀರು ಹೋಗುವ ಕಡೆಗೆ ಓಡುತ್ತಿತ್ತು. ನಿಜವಾದ ಕಾಲುವೆಯಲ್ಲಿ ಹಾಗೆ ಓಡಿ ಕಾಂಕ್ರೀಟ್ ಹಾಸು ದಾಟಿದರೆ ಮಣ್ಣು ಕೊರೆದುಹೋಗುತ್ತದೆ. ಜಂಪಿನ ಆಚೆಗಿನ ಕಾಲುವೆಯಲ್ಲಿ ನೀರಿನ ಆಳ ಎಷ್ಟು ಅಂತ ಹೇಳೋದು ಮತ್ತೆ ಮ್ಯಾನಿಂಗ್ ಸೂತ್ರವೇ, ಅಲ್ವಾ? ಎನ್ ಜಾಸ್ತಿ ಹಿಡಿದರೆ ಲೆಕ್ಕದಲ್ಲಿ ಅಲ್ಲಿ ಇರುವುದಕ್ಕಿಂತ ಹೆಚ್ಚು ಆಳ ಕಾಣುತ್ತದೆ, ಜಂಪ್ ಹಾಸಿನ ಮೇಲೇ ನಿಲ್ಲುತ್ತದೆ ಅಂತ ನಂಬಿಬಿಡುತ್ತೇವೆ. ಅದಕ್ಕೇ ಕಾಲುವೆಯ ಸಾಮರ್ಥ್ಯಕ್ಕೆ ಜಾಸ್ತಿ ಎನ್, ಜಂಪಿಗೆ ಕಡಿಮೆ ಎನ್, ಎರಡನ್ನೂ ಹಾಕಿ ನೋಡಿದ ಮೇಲೇ ಡ್ರಾಯಿಂಗ್ ಶುರುಮಾಡಿ ಅನ್ನುತ್ತಿದ್ದರು.