ಮನೆಯೊಳಗೇ ಕೂತು ಹೊತ್ತು ಹೇಗೆ ಕಳೆದಿರಿ?

ಕೊರೊನಾ ಕಾಲದ ಮಾತು ಬಂದರೆ ಸಾಕು, ಈ ಪ್ರಶ್ನೆಯೂ ಹಿಂದೆಯೇ ಬರುತ್ತದೆ: "ಅಷ್ಟು ದಿನ ಮನೆಮಂದಿಯೆಲ್ಲ ಒಳಗೇ ಇದ್ದು ಹೊತ್ತು ಹೇಗೆ ಕಳೆದಿರಿ? ಬೋರಾಗಲಿಲ್ವಾ?"

ನನ್ನ ಉತ್ತರ ಕೆಲವರಿಗೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಒಟ್ಟಿಗೆ ಹೊತ್ತು ಕಳೆಯಬೇಕಾದರೆ ದಿನದಲ್ಲಿ ಸ್ವಲ್ಪ ಹೊತ್ತು ಒಬ್ಬರಿಗೊಬ್ಬರು ಸಿಗಬಾರದು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಎಂದು ಸಾರಿತು. ಅದಾಗಿ ಕೆಲವೇ ದಿನಗಳಲ್ಲಿ ಆಫೀಸು, ಶಾಲೆ ಎರಡೂ ಮನೆಯೊಳಗೆ ಬಂದು ಕೂತವು. ಆಗ ಶಾಲೆ-ಕಾಲೇಜು ಮುಚ್ಚಿ ಮನೆ ಸೇರಿದ ವಿದ್ಯಾರ್ಥಿಗಳೇ 150 ಕೋಟಿ ದಾಟಿದ್ದರು ಅಂತ ಯುನೆಸ್ಕೊ ಲೆಕ್ಕ ಹಾಕಿತ್ತು. ಬೆಳಗಿನಿಂದ ರಾತ್ರಿವರೆಗೆ ಅದೇ ಮುಖ, ಅದೇ ದನಿ. ಎಷ್ಟೇ ಪ್ರೀತಿ ಇದ್ದರೂ ಸಾಕೆನಿಸುತ್ತದೆ, ಅಲ್ವಾ? ಅದಕ್ಕೇ ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಯಾರೂ ಯಾರನ್ನೂ ಮಾತಾಡಿಸುವ ಹಾಗಿರಲಿಲ್ಲ. ಓದಲಿ, ಮಲಗಲಿ, ಸುಮ್ನೆ ಸೂರು ನೋಡುತ್ತಾ ಇರಲಿ. ಅವರಿಷ್ಟ.

ಬೆಳಿಗ್ಗೆ ಏಳುವ ಹೊತ್ತನ್ನು ಮಾತ್ರ ಕೈಬಿಡಬೇಡಿ. ಮಂಗಳ ಗ್ರಹಕ್ಕೆ ಹೋಗಿಬರುವ ತಾಲೀಮಿಗೆಂದು ಮಾಸ್ಕೋದಲ್ಲಿ 2010-11ರಲ್ಲಿ ಆರು ಜನರನ್ನು 520 ದಿನ ಮುಚ್ಚಿದ ಕೋಣೆಗಳಲ್ಲಿ ಇರಿಸಿದ್ದರು. ಬರಬರುತ್ತಾ ಅವರ ಓಡಾಟ ಕಡಿಮೆಯಾಯಿತು, ಹೆಚ್ಚಿನವರ ನಿದ್ದೆ ಕೆಟ್ಟಿತು. ಒಬ್ಬರ ದಿನವಂತೂ 25 ಗಂಟೆಗೆ ಹಿಗ್ಗಿ, ಉಳಿದವರು ಎದ್ದಿರುವಾಗ ಅವರಿಗೆ ನಿದ್ದೆ! ಮನೆಯಲ್ಲಿ ಹದಿಹರೆಯದವರು ಇದ್ದರೆ ಇದಕ್ಕೆ ಮಾಸ್ಕೋವರೆಗೆ ಹೋಗಬೇಕಿಲ್ಲ ಅನ್ನಿ.

ಇನ್ನು ಆಟ. ಲೂಡೋ, ಇಸ್ಪೀಟು ಎರಡು ದಿನ ಚೆನ್ನ. ಆಮೇಲೆ ಸೋತವರ ಮುಖ ರಾತ್ರಿ ಊಟದವರೆಗೂ ಊದಿಕೊಂಡಿರುತ್ತದೆ. ಒಂದು ಸುತ್ತು ಹೊರಗೆ ಹೋಗಿ ಸಿಟ್ಟು ಇಳಿಸಿಕೊಂಡು ಬರೋಣ ಅಂದರೆ ಅದಕ್ಕೂ ದಾರಿ ಇಲ್ಲ. ನನ್ನ ಓಟು ಜಿಗ್‌ಸಾ ಪಜಲ್‌ಗೆ, ಅಂದರೆ ಚೂರು ಚೂರಾದ ಚಿತ್ರವನ್ನು ಮತ್ತೆ ಕೂಡಿಸುವ ಆಟಕ್ಕೆ. ಅದರಲ್ಲಿ ಸೋಲುವವರೇ ಇಲ್ಲ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆಗಾರ ಮರದ ಹಲಗೆಗೆ ಭೂಪಟ ಅಂಟಿಸಿ, ದೇಶದೇಶಗಳ ಗಡಿ ಹಿಡಿದು ಕತ್ತರಿಸಿದ. ಮಕ್ಕಳಿಗೆ ಭೂಗೋಳ ಕಲಿಸಲು ಅಂತ. 1930ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸ ಹೋಗಿ ಜನ ಮನೆಯಲ್ಲಿ ಕೂತಾಗ ಇದಕ್ಕೆ ಎಷ್ಟು ಬೇಡಿಕೆ ಬಂತೆಂದರೆ, ಲೈಬ್ರರಿಗಳಲ್ಲಿ ಪುಸ್ತಕದ ಹಾಗೆ ಪಜಲ್ಲನ್ನೂ ಒಯ್ಯಬಹುದಿತ್ತು. 2020ರಲ್ಲಿ ಮತ್ತೆ ಅದೇ ಹುಚ್ಚು.

ಒಂದು ಮೂಲೆಯಲ್ಲಿ ಹರಡಿಟ್ಟರೆ ಆಯಿತು, ಎಲ್ಲರೂ ಒಟ್ಟಿಗೇ ಕೂರಬೇಕೆಂದಿಲ್ಲ. ಹಾದುಹೋಗುವವರು ಒಂದೆರಡು ಚೂರು ಕೂಡಿಸಿ ಹೋಗುತ್ತಾರೆ. ಕೈಗೆ ಕೆಲಸ, ಕಣ್ಣು ಕೆಳಗೆ. ಹಾಗಿದ್ದಾಗ ಮಾತು ತಾನಾಗೇ ಬರುತ್ತದೆ. ಪರೀಕ್ಷೆ ರದ್ದಾಗಿದ್ದಕ್ಕೆ ಖುಷಿಗಿಂತ ಭಯವೇ ಜಾಸ್ತಿ ಅಂತ ನಮ್ಮ ಮಗಳು ಹೇಳಿದ್ದು ಆಕಾಶದ ನೀಲಿ ಚೂರು ಹುಡುಕುವಾಗ. ಎದುರಿಗೆ ಕೂರಿಸಿಕೊಂಡು ಕೇಳಿದ್ದರೆ "ಏನಿಲ್ಲಮ್ಮ" ಅನ್ನುತ್ತಿದ್ದಳು.

ಹೊಸ ಭಾಷೆ ಕಲಿಯುತ್ತೇನೆ, ವಾದ್ಯ ಕಲಿಯುತ್ತೇನೆ ಅಂತ ದೊಡ್ಡ ಪಟ್ಟಿ ಮಾಡಬೇಡಿ. ಮನಸ್ಸಿಗೆ ಆತಂಕವಿದ್ದಾಗ ಅದೊಂದು ಹೊರೆ.

ಮನೆಯಲ್ಲೇ ಒಬ್ಬರಿಗೆ ಸೋಂಕು ತಗುಲಿ ಬೇರೆ ಕೋಣೆಯಲ್ಲಿದ್ದರೆ ಏನು ಮಾಡೋದು ಅಂತಲೂ ಕೇಳುತ್ತಾರೆ. ಆಗ ಪದಬಂಧ ಒಳ್ಳೆಯದು. ಹೊರಗಿನವರು ಫೋನಿನಲ್ಲಿ ಸುಳಿವು ಓದಬೇಕು, ಒಳಗಿದ್ದವರು ಉತ್ತರ ಹೇಳಬೇಕು. ಕಾಗದ ಆಚೆ ಈಚೆ ಓಡಾಡಬೇಕಿಲ್ಲ. ಜ್ವರ ಜಾಸ್ತಿ ಇದ್ದರೆ ಅದೂ ಬೇಡ, ಮಲಗಲು ಬಿಡಿ.